ಕೋಣೆಗೆ ತಾಗಿದ ಕಕ್ಕಸು

ನನ್ನ ತಮ್ಮನಿಗೆ ಮೂರನೇ ವರ್ಷದಲ್ಲಿ ಜ್ವರ ಬಂದು ಎರಡೂ ಕಾಲು ಬತ್ತಿದವು. ಕೈ, ತಲೆ, ನಾಲಿಗೆ ಗಟ್ಟಿಯಾಗಿಯೇ ಉಳಿದವು. ಹರಿಹರದಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದ. ಅವನಿಗೆ ಇನ್ನೊಬ್ಬರು ಬೇಕಾಗುತ್ತಿದ್ದದ್ದು ಒಂದೇ ಕೆಲಸಕ್ಕೆ. ಕಕ್ಕಸು ಹಿತ್ತಿಲ ತುದಿಯಲ್ಲಿತ್ತು, ಐದು ಕಲ್ಲುಮೆಟ್ಟಿಲಿನ ಮೇಲೆ. ಬೆಳಿಗ್ಗೆ ನಾನು ದಾವಣಗೆರೆಯ ರೈಲು ಹಿಡಿಯುವ ಮುನ್ನ ಅವನನ್ನು ಬೆನ್ನ ಮೇಲೆ ಹೊತ್ತು ಒಯ್ಯುತ್ತಿದ್ದೆ, ಸಂಜೆ ಬಂದ ಮೇಲೆ ಇನ್ನೊಮ್ಮೆ. ಅವ್ವನ ಕೈಲಿ ಅವನನ್ನು ಎತ್ತಲು ಆಗುತ್ತಿರಲಿಲ್ಲ. ರೈಲು ತಡವಾದ ದಿನ ಅವನು ಗೋಡೆಗೆ ಮುಖ ಮಾಡಿ, ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದ. ಈ ಕಾರಣಕ್ಕೆ ಹಗಲು ನೀರು ಕುಡಿಯುವುದನ್ನೇ ಬಿಟ್ಟಿದ್ದ. ಊಟಕ್ಕೆ ಒಂದೇ ರೊಟ್ಟಿ.

ನಾನು ಆಗ ದಾವಣಗೆರೆಯ ಓವರ್‌ಸೀಯರ್ ಕಚೇರಿಯಲ್ಲಿ ನಕ್ಷೆಗಳ ನಕಲು ತೆಗೆಯುವ ಗುಮಾಸ್ತ. ಒಂದು ದಿನ ಬೆಂಗಳೂರಿನಿಂದ ಒಂದು ನಕ್ಷೆ ಬಂತು. ಅಂಗವಿಕಲರು ಇದ್ದು ದುಡಿದು ತಿನ್ನಲು ದಾವಣಗೆರೆಯಲ್ಲೇ ಒಂದು ವಸತಿಗೃಹ. ಸರ್ಕಾರದ ಅನುದಾನ, ಊರಿನ ಗಣ್ಯರ ಸಮಿತಿಯ ಉಸ್ತುವಾರಿ. ಬೆಂಗಳೂರಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮ ನಿಜವಾಗಿ ಯೋಚಿಸಿ ಬರೆದಿದ್ದ. ಬಾಗಿಲಿಗೆ ಮೆಟ್ಟಿಲಿರಲಿಲ್ಲ, ಇಳಿಜಾರಿತ್ತು. ಕೋಣೆಗೆ ತಾಗಿಯೇ ಕಕ್ಕಸು, ಗೋಡೆಯಲ್ಲಿ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು. ನಾನು ಕದ್ದು ಒಂದು ಪ್ರತಿ ಮನೆಗೆ ತಂದು ತಮ್ಮನ ಮುಂದೆ ಹರಡಿದೆ. ಮಂಚದಿಂದ ಕಕ್ಕಸಿನವರೆಗೆ ಅವನು ಬೆರಳಿಟ್ಟು ಅಳೆದ. ಎಷ್ಟು ಮೊಳ ಆಗುತ್ತದೆಂದು ನನ್ನನ್ನೇ ಕೇಳಿದ. ನಾಲ್ಕು ಮೊಳ ಎಂದೆ.

"ಯಾರನ್ನೂ ಕರೀಬೇಕಾಗಿಲ್ಲ ಹಂಗಾರ," ಎಂದ. "ಅಲ್ಲಿಗೆ ಸೇರಿಸು ಅಣ್ಣ."

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ನಮ್ಮ ಪೂಜಾರಿ ಎಂದರೆ ಸಮಿತಿಯ ಅಧ್ಯಕ್ಷರು, ಅರಳೆ ವ್ಯಾಪಾರಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಕಾಯಕದ ಮಾತು. ಸ್ವಂತ ಕೈಯಿಂದ ಅವರು ಆ ಕಟ್ಟಡಕ್ಕೆ ಕೊಟ್ಟದ್ದು ಸಲಹೆ ಮಾತ್ರ, ಅದನ್ನು ಧಾರಾಳವಾಗಿ ಕೊಟ್ಟರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಪಾಯ ನೆಲಮಟ್ಟಕ್ಕಿದ್ದರೆ ದನದ ಕೊಟ್ಟಿಗೆಯಂತೆ ಕಾಣುತ್ತದೆಂದು ಆಳೆತ್ತರ ಎಬ್ಬಿಸಿದರು. ಮಂತ್ರಿಗಳು ಹತ್ತಿ ಬರುವಾಗ ಶೋಭೆ ಇರಬೇಕಂತೆ. ಕಾಲಿಲ್ಲದವರ ಮನೆಗೆ ಎಂಟು ಮೆಟ್ಟಿಲು. ಇಳಿಜಾರಿನ ಜಾಗದಲ್ಲಿ ತುಳಸಿ, ಮಲ್ಲಿಗೆ. ಆಮೇಲೆ ನಕ್ಷೆಯಲ್ಲಿದ್ದ ಕಕ್ಕಸಿನ ಮೇಲೆ ಅವರ ಕಣ್ಣು ಬಿತ್ತು.

"ಏನ್ರಿ ಇದು, ಮಲಗೋ ಕೋಣಿಗೆ ಹತ್ತಿ ಕಕ್ಕಸು? ಒಳಗ ಪೂಜಿ ಮಾಡೋ ಜಾಗ ಐತಿ. ನಾಳೆ ಮಠದ ಅಯ್ನೋರು ಬಂದು ಪಾದ ಇಡೋ ಮನಿ. ಬೆಂಗಳೂರಾಗ ಕುಂತ ಬರದೋರಿಗೆ ರೀತಿ ರಿವಾಜು ಏನ್ ಗೊತ್ತೈತಿ?"

ಓವರ್‌ಸೀಯರ್ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಆ ಮನುಷ್ಯನನ್ನು ಮೀರಿಸಿದವರು ಜಿಲ್ಲೆಯಲ್ಲಿ ಇರಲಿಲ್ಲ. ಕಕ್ಕಸು ಅಂಗಳ ದಾಟಿ ಕಾಂಪೌಂಡಿನ ಮೂಲೆಗೆ ಹೋಯಿತು. ಅಂಗಳಕ್ಕೆ ಚೂಪು ಗರಸುಕಲ್ಲು ಹಾಕಿದರು. ಕೋಣೆಗೆ ತಾಗಿದ ಜಾಗವನ್ನು ಸಮಿತಿಯ ಸಭೆಗೆ ಇಟ್ಟುಕೊಂಡು ಬೆತ್ತದ ಕುರ್ಚಿ ಹಾಕಿಸಿದರು.

ಕಟ್ಟಡ ಮುಗಿದ ಮೇಲೆ 'ಮಂಜೂರಾದ ನಕ್ಷೆಯಂತೆ ಕಟ್ಟಲಾಗಿದೆ' ಎಂದು ಒಂದು ಪತ್ರ ಹೋಗಬೇಕಿತ್ತು. ಅದನ್ನು ಬರೆದವನು ನಾನು, ಸಹಿ ಓವರ್‌ಸೀಯರನದು. ನನ್ನ ಅಕ್ಷರ ಮುತ್ತಿನಂತಿತ್ತು. ಸುಳ್ಳು ಬರೆಯುವಾಗಲೂ ಒಂದು ಕೊಂಬು ಅತ್ತಿತ್ತ ಆಗಲಿಲ್ಲ. ಯಾರನ್ನು ಸೇರಿಸಿಕೊಳ್ಳಬೇಕೆಂದು ತೀರ್ಮಾನಿಸುವವರು ಅಧ್ಯಕ್ಷರು. ತಮ್ಮನಿಗೊಂದು ಜಾಗ ಸಿಗಲಿ ಎಂದು ಬರೆದೆ. ಸಿಕ್ಕಿತು. ನಾಲ್ಕು ಮೊಳ ಎಂದು ಹೇಳಿದ್ದ ಬಾಯಿಂದ ಅವನಿಗೆ ಏನನ್ನೂ ಹೇಳದೆ, ಎತ್ತಿ ಒಯ್ದು ಎಂಟು ಮೆಟ್ಟಿಲು ಹತ್ತಿಸಿ ಕೂರಿಸಿ ಬಂದೆ.

ಅಲ್ಲಿ ಹತ್ತು ಹನ್ನೆರಡು ಜನ ಇದ್ದರು. ಒಬ್ಬ ಅಡಿಗೆಯವನು. ಎತ್ತಿ ಇಳಿಸುವ ಆಳಿಗೆ ಅನುದಾನದಲ್ಲಿ ಬಾಬ್ತು ಇರಲಿಲ್ಲ. ಇಳಿಜಾರು, ಸರಳು ಇರುವ ಮನೆಗೆ ಆಳು ಯಾಕೆ ಎಂದು ಬೆಂಗಳೂರಿನವರು ತಿಳಿದಿದ್ದರು. ಕಣ್ಣಿಲ್ಲದ ಒಬ್ಬ ಗಟ್ಟಿಗ ತೆವಳುವವರನ್ನು ಹೊರುತ್ತಿದ್ದ, ಬೆನ್ನ ಮೇಲಿದ್ದವರು ಅವನಿಗೆ ದಾರಿ ಹೇಳುತ್ತಿದ್ದರು. ಅವನಿಗೆ ಜ್ವರ ಬಂದರೆ ಎಲ್ಲರಿಗೂ ಉಪವಾಸ. ಯಾರೂ ಹಾಗೆಂದು ಹೇಳುತ್ತಿರಲಿಲ್ಲ, ಹಸಿವಿಲ್ಲ ಎನ್ನುತ್ತಿದ್ದರು. ವಾರಕ್ಕೊಮ್ಮೆ ನಾನು ಹೋದಾಗ ತಮ್ಮನ ಕೆನ್ನೆಯ ಮೂಳೆ ಕಾಣುತ್ತಿತ್ತು. ನಕ್ಷೆಯ ಮಾತನ್ನು ಅವನೂ ಎತ್ತಲಿಲ್ಲ. ಅದು ನನಗೆ ಅನುಕೂಲವೇ ಆಯಿತು.

ವರ್ಷ ತುಂಬಿದಾಗ ಚಿತ್ರದುರ್ಗದಿಂದ ತನಿಖೆಯ ಅಧಿಕಾರಿ ಬಂದರು. ಕಡತ ಹಿಡಿದುಕೊಂಡು ನಾನೂ ಹೋಗಿದ್ದೆ. ಮೆಟ್ಟಿಲ ಮೇಲೆ ರಂಗೋಲಿ, ಸಮಿತಿಯವರ ಕೊರಳಲ್ಲಿ ಜರಿ ಶಲ್ಯ, ತಟ್ಟೆಯಲ್ಲಿ ಬಾಳೆಹಣ್ಣು, ಮಂಡಕ್ಕಿ, ಮಿರ್ಚಿ. ಬಾಯಿ ಒರೆಸಿಕೊಳ್ಳುತ್ತ ಅಧ್ಯಕ್ಷರು ಹೇಳಿದರು:

"ನಮ್ಮೋರು ಭಾಳ ಮಿತಾಹಾರಿಗಳು ಸಾಹೇಬ್ರ. ತಿಂಗಳಿಗೆ ತರಿಸಿದ ಅಕ್ಕಿ ಜ್ವಾಳ ಉಳದ ಬಿಡ್ತಾವು."

ಅಧಿಕಾರಿ ಮೆಚ್ಚಿ ಬರೆದುಕೊಂಡರು. ಆಗ ಸಾಲಿನ ಕೊನೆಯಲ್ಲಿ ಕೂತಿದ್ದ ತಮ್ಮ ಮಾತಾಡಿದ.

"ಇವತ್ತ ನಾನು ಹೊಟ್ಟಿ ತುಂಬ ಉಂಡೀನ್ರಿ. ಎರಡು ಚೊಂಬು ನೀರು ಕುಡದೀನಿ. ಈಗ ಹೋಗ್ಬೇಕು. ನೀವೂ ಬರ್ರಿ ಸಾಹೇಬ್ರ, ದಾರಿ ನೋಡ್ರಿ."

ಗಟ್ಟಿಗ ಎದ್ದು ಬಂದ. ತಮ್ಮ ಬ್ಯಾಡ ಎಂದ. ಎಂಟು ಮೆಟ್ಟಿಲನ್ನು ಕುಂಡೆಯ ಮೇಲೆ ಒಂದೊಂದಾಗಿ ಇಳಿದ. ಗರಸಿನ ಅಂಗಳದಲ್ಲಿ ಅಂಗೈ ಊರಿ ಊರಿ ಎಳೆದುಕೊಂಡು ಹೊರಟ. ನಡುಮಧ್ಯಾಹ್ನದ ಬಿಸಿಲು. ಶಲ್ಯದ ಗಣ್ಯರು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಆಕಾಶ ನೋಡಿದರು, ಮಲ್ಲಿಗೆ ನೋಡಿದರು, ಅವನನ್ನು ಬಿಟ್ಟು ಮಿಕ್ಕೆಲ್ಲ ನೋಡಿದರು. ನಾನೂ ಕಡತ ನೋಡಿದೆ. ಅಧಿಕಾರಿ ಮಾತ್ರ ಕೊಡೆ ಹಿಡಿದು ಅವನ ಹಿಂದೆ ನಡೆದರು. ಅರ್ಧ ಅಂಗಳಕ್ಕೆ ಅವನ ಪಂಚೆ ಒದ್ದೆಯಾಯಿತು. ಅವನು ಅಲ್ಲೇ ತಡೆದು, ತಿರುಗಿ ನೋಡಿ, "ಇಷ್ಟ್ರಿ," ಎಂದ.

ಅಧಿಕಾರಿ ಒಳ್ಳೆಯವರಿರಬೇಕು. ಕಕ್ಕಸನ್ನು ನಕ್ಷೆಯಲ್ಲಿದ್ದಂತೆ ಕೋಣೆಗೆ ತಾಗಿ ಕಟ್ಟುವವರೆಗೆ ಅನುದಾನ ತಡೆಹಿಡಿಯಲು ಬರೆದರು. ಅಧ್ಯಕ್ಷರಿಗೆ ಒಂದು ಗೋಡೆ ಒಡೆದು ಕಟ್ಟಿಸುವುದು ವೀಳ್ಯದೆಲೆ ಮಡಿಸಿದಷ್ಟು ಸುಲಭವಿತ್ತು. ಆದರೆ "ಅನುದಾನ ಹೋದ್ರ ಹೋಗ್ಲಿ, ಮೈಲಿಗಿ ಮನಿ ನಾ ಕಟ್ಟಿಸಾಕಿಲ್ಲ," ಎಂದು ಬಾಗಿಲಿಗೆ ಬೀಗ ಹಾಕಿಸಿದರು. ಊರಲ್ಲಿ ಅವರ ಹಟವನ್ನು ಹೊಗಳಿದವರೇ ಹೆಚ್ಚು. ಒಳಗಿದ್ದವರು ಎಲ್ಲಿಂದ ಬಂದಿದ್ದರೋ ಅಲ್ಲಿಗೆ ಹೋದರು. ಗಟ್ಟಿಗ ಹರಿಹರದ ಸ್ಟೇಷನ್ನಿನಲ್ಲಿ ಕೂತ. ಸುಳ್ಳು ಪತ್ರ ಬರೆದವನು ಯಾರೆಂದು ಯಾರೂ ಕೇಳಲಿಲ್ಲ.

ತಮ್ಮನನ್ನು ಮನೆಗೆ ಕರೆತಂದ ದಿನ ರೈಲಿನ ಉದ್ದಕ್ಕೂ ಅಧ್ಯಕ್ಷರಿಗೆ ಬೈದೆ. ಕಪಟಿ, ಕಲ್ಲೆದೆಯವನು, ವಿಭೂತಿಗೆ ಅವಮಾನ ಎಂದೆ. ತಮ್ಮ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಊಟಕ್ಕೆ ಕೂತಾಗ ಹುರುಪಿನಲ್ಲಿ ಅವ್ವನಿಗೆ ಹೇಳಿದೆ, ಇವನ ಕೋಣೆಗೆ ತಾಗಿಯೇ ಒಂದು ಕಕ್ಕಸು ಕಟ್ಟಿಸೋಣ, ನಕ್ಷೆ ನನ್ನ ಹತ್ತಿರ ಇದೆ ಎಂದು. ತಮ್ಮ ತಲೆ ಎತ್ತಿದ. ಅವನು ಎರಡನೇ ರೊಟ್ಟಿ ಹಾಕಿಸಿಕೊಂಡಿದ್ದ.

ಅವ್ವ ಬಡಿಸುವ ಕೈ ನಿಲ್ಲಿಸಿದಳು.

"ಆ ಗ್ವಾಡಿ ಆಚಿಗೆ ದೇವರ ಜಗಲಿ ಐತಲ್ಲೋ. ಅಯ್ನೋರು ಬರೋ ಮನಿ. ಬ್ಯಾಡ."

ಅಧ್ಯಕ್ಷರಿಗೆ ಅಂದ ಮಾತೆಲ್ಲ ನನ್ನ ನಾಲಿಗೆಯ ಮೇಲೆ ಇನ್ನೂ ಬಿಸಿಯಾಗಿತ್ತು. ನಾನು ಸಾರು ಕಲಸಿಕೊಂಡೆ. ತಮ್ಮ ನನ್ನನ್ನೇ ನೋಡುತ್ತಿದ್ದ. ಆಮೇಲೆ ಎರಡನೇ ರೊಟ್ಟಿಯನ್ನು ಮುರಿಯದೆ ಎತ್ತಿ ಬುಟ್ಟಿಗೆ ಹಾಕಿದ.