‘ಮತ್ತಿತರರು’ ಎಂಬಲ್ಲಿ ನಿಂತವರು

“ಇದರಾಗ ನಾ ಎಲ್ಲಿ ಅದೀನಿ, ತೋರಸ್ರಿ ಮಾಸ್ತರ,” ಎಂದು ಮಲ್ಲಮ್ಮ ನಾನು ಕಡತದಿಂದ ತೆಗೆದುಕೊಟ್ಟ ಹಳೆಯ ಪತ್ರಿಕೆಯ ತುಣುಕನ್ನು ನನ್ನ ಮುಂದೆಯೇ ಹಿಡಿದರು. ಶಹಾಪುರದ ಹತ್ತಿರದ ಅವರ ಊರಿಗೆ ಕಾಲುವೆ ನೀರು ಮೊದಲ ಸಲ ಹರಿದುಬಂದ ದಿನದ ಸುದ್ದಿ ಅದು. ಬರೆದವನು ನಾನೇ. ಶಾಲೆಯಲ್ಲಿ ಕಲಿಸುತ್ತಲೇ ಆಗ ಪತ್ರಿಕೆಗೆ ಸುತ್ತಲಿನ ಸುದ್ದಿ ಕಳಿಸುತ್ತಿದ್ದೆ. ಆ ಕಾಲುವೆ ತೋಡುವಾಗ ಎರಡು ಬೇಸಿಗೆ ಮಣ್ಣಿನ ಪುಟ್ಟಿ ಹೊತ್ತವರು ಮಲ್ಲಮ್ಮ. ಅದನ್ನು ಮೊಮ್ಮಗಳಿಗೆ ಪೇಪರಿನಲ್ಲೇ ತೋರಿಸಬೇಕೆಂದು ಅವಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು.

ಹುಡುಗಿ ಗಟ್ಟಿಯಾಗಿ ಓದಿದಳು. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ಕಡೆಗೆ ವಂದಿಸಿದವರ ಹೆಸರೂ ಬಂತು. ‘ಮತ್ತಿತರರು ಉಪಸ್ಥಿತರಿದ್ದರು’ ಎಂಬಲ್ಲಿಗೆ ಸುದ್ದಿ ಮುಗಿಯಿತು.

“ಆಯಿ, ನಿನ್ನ ಹೆಸರ ಇಲ್ಲ,” ಎಂದಳು.

ನಾನು ‘ಮತ್ತಿತರರು’ ಎಂಬುದರ ಮೇಲೆ ಬೆರಳಿಟ್ಟು, “ಇಲ್ಲಿ ಅದೀರಿ ನೋಡ್ರಿ,” ಎಂದೆ. ಓದು ಬಾರದ ಮಲ್ಲಮ್ಮ ಬಗ್ಗಿ ಬಹಳ ಹೊತ್ತು ನೋಡಿದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

“ಇಷ್ಟ ಜಾಗದಾಗ ನಾವು ಅಷ್ಟೂ ಮಂದಿ ಹಿಡದೀವೇನ್ರಿ?”

ಅವರು ಹೋದ ಮೇಲೆ ಹಳೆಯ ಕಡತವನ್ನೆಲ್ಲ ತಿರುವಿ ಹಾಕಿದೆ. ಶಾಲೆಯ ಕೋಣೆ, ಹತ್ತಿಕುಣಿಯ ರಸ್ತೆ, ತಿಂಥಣಿಯ ಸಭೆ, ಯಾವ ಸುದ್ದಿಯಾದರೂ ಅದೇ ಶಬ್ದದಲ್ಲಿ ಮುಗಿಸಿದ್ದೆ. ವೇದಿಕೆಯ ಮೇಲಿದ್ದವರನ್ನು ಇಂದಿಗೂ ಓದಬಹುದು. ಆ ಶಬ್ದದೊಳಗೆ ಯಾರಿದ್ದರೆಂದು ಬರೆದ ನನಗೇ ಗೊತ್ತಿಲ್ಲ, ಮಲ್ಲಮ್ಮ ಒಬ್ಬರನ್ನು ಬಿಟ್ಟು.