ವಲ್ಲಿಯ ಕೆಳಗಿನ ಮಾತು

ನಮ್ಮ ಅಪ್ಪ ಸಾಂಗಲಿಯ ಪೇಟೆಯಲ್ಲಿ ಅರಿಷಿಣದ ವ್ಯಾಪಾರಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ಸೌದಾ ಕುದುರಿಸುವಾಗ ಮಾತ್ರ ಇವೆರಡೂ ಅಲ್ಲದ ಇನ್ನೊಂದು ಭಾಷೆ. ಅದಕ್ಕೆ ಬಾಯಿ ಬೇಕಿರಲಿಲ್ಲ. ಕೊಳ್ಳುವವರೂ ಮಾರುವವರೂ ಎದುರುಬದುರು ಕೂತು ಕೈ ಹಿಡಿದುಕೊಳ್ಳುತ್ತಿದ್ದರು. ಹೆಗಲ ಮೇಲಿನ ವಸ್ತ್ರವಾದ ವಲ್ಲಿಯನ್ನು ಕೈಗಳ ಮೇಲೆ ಹೊದಿಸುತ್ತಿದ್ದರು. ಒಳಗೆ ಬೆರಳು ಬೆರಳನ್ನು ಒತ್ತುತ್ತಿತ್ತು, ದರ ಏರಿಳಿಯುತ್ತಿತ್ತು. ಹೊರಗೆ ಇಬ್ಬರೂ ಮಳೆಯ ಸುದ್ದಿ, ಮದುವೆಯ ಸುದ್ದಿ ಮಾತಾಡುತ್ತಿರುತ್ತಿದ್ದರು. ಸುತ್ತ ನಿಂತವರಿಗೆ ಗುಟ್ಟು ಗೊತ್ತಾಗಬಾರದು, ಅಷ್ಟೇ. ವಲ್ಲಿಯ ಕೆಳಗೆ ಕೊಟ್ಟ ಮಾತನ್ನು ಇವತ್ತಿನವರೆಗೆ ಯಾರೂ ಮುರಿದಿಲ್ಲ ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು.

ಚಿಕ್ಕವಳಿದ್ದಾಗ ನನಗೂ ಕಲಿಸಿರಿ ಎಂದು ಗಂಟುಬಿದ್ದಿದ್ದೆ.

"ಇದು ಹೆಣ್ಮಕ್ಕಳ ಕೈಗೆ ಕೊಡೂದಲ್ಲವ್ವಾ. ನಿನ್ನ ತಮ್ಮಗ ಕಲಿಸ್ತೀನಿ ಬಿಡು," ಅಂದರು.

ತಮ್ಮನಿಗೂ ಕಲಿಸಲಿಲ್ಲ. ಅವನು ಅಂಗಡಿಗೆ ಬರುವ ಹೊತ್ತಿಗೆ ಹರಾಜಿನ ಸವಾಲನ್ನು ಬಾಯಿಬಿಟ್ಟು ಕೂಗುವಂತಾಗಿತ್ತು. ಆಮೇಲೆ ದರ ಮೊಬೈಲಿಗೇ ಬಂತು. ಕಂಪ್ಯೂಟರ್ ಕಲಿತ ನಾನೇ ಅಂಗಡಿಗೆ ಅದನ್ನೆಲ್ಲ ತಂದವಳು. ದೂರದ ಪೇಟೆಗಳ ದರ ಮುಂಜಾನೆಯ ಚಹಾಕ್ಕಿಂತ ಮೊದಲೇ ನನ್ನ ಅಂಗೈಯಲ್ಲಿರುತ್ತಿತ್ತು. ಓದಿ ಹೇಳಿದರೆ ಅಪ್ಪ ನಗುತ್ತಿದ್ದರು. "ಊರಿಗೆಲ್ಲಾ ಗೊತ್ತಿದ್ದದ್ದು ಅದೇನ್ ದರಾ?" ನನಗೆ ಸಿಟ್ಟು ಬರುತ್ತಿತ್ತು. ವಲ್ಲಿ ಹೊದಿಸುವುದು ರೈತನಿಗೆ ಟೋಪಿ ಹಾಕುವುದಕ್ಕೆ ಎಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ. ಇಂಥ ಬಚ್ಚಿಟ್ಟ ವಿದ್ಯೆ ಮಣ್ಣುಪಾಲಾದದ್ದೇ ಒಳ್ಳೆಯದಾಯಿತು ಎಂದು ಅವರ ಮುಖಕ್ಕೇ ಹೇಳಿದ್ದೂ ಉಂಟು.

ಕಳೆದ ದೀಪಾವಳಿ ಮುಗಿಯುತ್ತಿದ್ದಂತೆ ಅಪ್ಪನಿಗೆ ಲಕ್ವ ಹೊಡೆಯಿತು. ಸಾಂಗಲಿಯವರಿಗೆ ದೊಡ್ಡ ಕಾಯಿಲೆ ಎಂದರೆ ಮಿರಜ್, ಅಲ್ಲಿಗೇ ಒಯ್ದೆವು. ಬಲಮಗ್ಗುಲು ಪೂರ್ತಿ ಹೋಗಿತ್ತು, ಮಾತು ಹೋಗಿತ್ತು, ನುಂಗಲೂ ಬರುತ್ತಿರಲಿಲ್ಲ. ಆದರೆ ಕಣ್ಣು ನೋಡಿದರೆ ಎಲ್ಲ ತಿಳಿಯುತ್ತಿದೆ ಎಂದು ಗೊತ್ತಾಗುತ್ತಿತ್ತು. ಡಾಕ್ಟರು ನನ್ನನ್ನೂ ತಮ್ಮನನ್ನೂ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಗಂಟಲಿಗೆ ತೂತು ಮಾಡಿ ನಳಿಕೆ ಹಾಕಿದರೆ ಇನ್ನಷ್ಟು ಕಾಲ ಇದ್ದಾರು, ಆದರೆ ಹಾಸಿಗೆ ಬಿಟ್ಟು ಏಳಲಾರರು. ಮನೆಗೆ ಒಯ್ದರೆ ಹೆಚ್ಚು ದಿನ ಉಳಿಯಲಾರರು. ಯಾವುದು ಬೇಕೆಂದು ನೀವೇ ಹೇಳಿ ಅಂದರು.

ನನಗೆ ಗೊತ್ತಿದ್ದ ಕೆಲಸ ಒಂದೇ, ಹುಡುಕುವುದು. ಮೆದುಳಿನ ಯಾವ ನಾಳ ಮುಚ್ಚಿದೆ ಎಂದು ತಿಳಿದುಕೊಂಡೆ. ಸ್ಕ್ಯಾನಿನ ಚಿತ್ರ ಪುಣೆಯ ಡಾಕ್ಟರೊಬ್ಬರಿಗೆ ಕಳಿಸಿ, ಕೈಯಲ್ಲಿದ್ದ ಚಹಾ ಆರುವುದರೊಳಗೆ ಉತ್ತರ ತರಿಸಿದೆ. ಬಳಗದ ಗ್ರೂಪಿನಲ್ಲಿ ಎಲ್ಲರೂ ಪಂಡಿತರಾದರು. ಮಲಗಿದವರಿಗೆ ಏನು ಬೇಕು ಎಂಬುದೊಂದನ್ನು ಬಿಟ್ಟು ನಮಗೆಲ್ಲ ಎಲ್ಲವೂ ಗೊತ್ತಿತ್ತು.

ಮಧ್ಯಾಹ್ನ ಭೇಟಿಯ ಹೊತ್ತಿಗೆ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಅಂಥ ಒಂದು ಮಧ್ಯಾಹ್ನ ಅಪ್ಪ ಎಡಗೈಯಿಂದ ನನ್ನ ಕೈ ಹಿಡಿದು ಹೊದಿಕೆಯ ಕೆಳಗೆ ಎಳೆದುಕೊಂಡರು. ಉಗುರಿನಿಂದ ನನ್ನ ಅಂಗೈ ಮೇಲೆ, ಬೆರಳಿನ ಬುಡದಿಂದ ಮಣಿಕಟ್ಟಿನ ತನಕ, ಒಂದು ಗೆರೆ ಎಳೆದರು. ನನ್ನ ಮುಖ ನೋಡಿದರು. ಮತ್ತೆ ಎಳೆದರು. ಹೊದಿಕೆಯ ಕೆಳಗೆ ಎಂದಮೇಲೆ ಅದು ಪೇಟೆಯ ಭಾಷೆ ಎಂದು ನನಗೆ ಹೊಳೆಯಿತು. ಅರ್ಥ ಹೊಳೆಯಲಿಲ್ಲ. ಮಾತು ಹೋದವರಿಗೆಂದೇ ಮಾಡಿದ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದೆ: ನೀರು, ನೋವು, ಚಳಿ. ಅಪ್ಪ ಕಣ್ಣು ಮುಚ್ಚಿಕೊಂಡರು. ಮರುದಿನ ಮತ್ತೆ ಅದೇ ಗೆರೆ.

ಹೊರಗೆ ಬಂದು ತಮ್ಮನನ್ನು ಕೇಳಿದೆ. "ನಾ ಎಲ್ಲಿ ಕಲತೀನಿ ಅಕ್ಕಾ?" ಅಂದ. ಮೊಬೈಲಿನಲ್ಲಿ ಹುಡುಕಿದೆ. ಎಲ್ಲಿಯದೋ ದನದ ಸಂತೆಯ ವಿಡಿಯೋ ಸಿಕ್ಕಿತು. ಅದರಲ್ಲಿ ಬಟ್ಟೆ ಕಾಣುತ್ತಿತ್ತು, ಬೆರಳು ಕಾಣುತ್ತಿರಲಿಲ್ಲ. ಅಪ್ಪನ ಜೊತೆ ಕಡೆತನಕ ವಲ್ಲಿಯ ಕೆಳಗೆ ಕೈಯಿಟ್ಟವರು ಬುಧಗಾಂವದ ಒಬ್ಬ ಹಳೆಯ ವ್ಯಾಪಾರಿ, ನಾವು ಕಾಕಾ ಅನ್ನುತ್ತಿದ್ದವರು. ಅವರು ತೀರಿಕೊಂಡರೆಂದು ಹಿಂದೊಮ್ಮೆ ಗ್ರೂಪಿಗೆ ಬಂದಿತ್ತು. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದ್ದೆವು. ಇನ್ನು ಕೇಳಲು ಯಾರೂ ಉಳಿದಿರಲಿಲ್ಲ. ಏನೂ ಮಾಡದೆ ಕೈಬಿಟ್ಟರು ಎಂದು ನಾಳೆ ಜನ ಆಡಿಕೊಳ್ಳಬಾರದಲ್ಲ, ನಳಿಕೆ ಹಾಕಿರಿ ಅಂದೆವು.

ನಳಿಕೆ ಹಾಕಿದ ಮೇಲೆ ಒಂದು ಮಧ್ಯಾಹ್ನ ಆಸ್ಪತ್ರೆಯ ಬೆಂಚಿನ ಮೇಲೆ ಬುಧಗಾಂವದ ಕಾಕಾ ಕೂತಿದ್ದರು. ಹತ್ತಿರ ಹೋಗಿ ಮಾತಾಡಿಸಿದೆ. ಸತ್ತದ್ದು ಅದೇ ಅಡ್ಡಹೆಸರಿನ ಇನ್ಯಾರೋ. ಸುದ್ದಿಯನ್ನು ಖಾತ್ರಿ ಮಾಡಿಕೊಳ್ಳಲು ಬುಧಗಾಂವದ ತನಕ ಹೋಗಬೇಕೆಂದು ನಮ್ಮಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ. ಅಪ್ಪನ ಸುದ್ದಿ ಅವರಿಗೆ ಪೇಟೆಯಲ್ಲಿ ಯಾರ ಬಾಯಿಂದಲೋ ತಡವಾಗಿ ತಿಳಿದಿತ್ತು, ಬಸ್ಸು ಹತ್ತಿ ಬಂದಿದ್ದರು.

ನನ್ನ ಬದಲು ಅವರನ್ನು ಒಳಗೆ ಕಳಿಸಿದೆ. ಬಾಗಿಲ ಗಾಜಿನಿಂದ ನೋಡುತ್ತಾ ನಿಂತೆ. ಕಾಕಾ ಹೊದಿಕೆಯ ಕೆಳಗೆ ಕೈ ಇಟ್ಟು, ಹಳೆಯ ಅಭ್ಯಾಸದಂತೆ, ಬಾಯಲ್ಲಿ ಏನೋ ಮಳೆ, ಹವಾಪಾಣಿಯ ಮಾತಾಡುತ್ತಿದ್ದರು. ಹೊರಗೆ ಬಂದವರು ನನ್ನ ಮುಖ ನೋಡಲಿಲ್ಲ.

"ದರ ಹೊಂದಲಿಲ್ಲಂದ್ರ ಹಿಂಗ ಗೆರಿ ಎಳೀತಿದ್ವಿ," ಅಂದರು. "ಸೌದಾ ಬ್ಯಾಡ, ಮಾಲು ಮನೀಗೆ ವಾಪಸ್ ಒಯ್ತೀನಿ ಅಂತ. ಅದನ್ನ ಅನ್ನಾಕತ್ತಾನವ್ವಾ. ಮನೀಗೆ ಒಯ್ರಿ ಅಂತ."

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ನಾನು ಪುಣೆಯ ತನಕ ಅಲೆದಿದ್ದೆ. ಅಲ್ಲಿಯೇ ಗೋಡೆಗೆ ಮುಖ ಮಾಡಿ ಅತ್ತೆ. ಸಾವರಿಸಿಕೊಂಡು ಕೇಳಿದೆ, "ಆತು ಅನ್ನೂದು ಹೆಂಗ್ರಿ ಕಾಕಾ?"

ಕಾಕಾ ಅತ್ತಿತ್ತ ನೋಡಿದರು. ತಮ್ಮ ವಲ್ಲಿ ತೆಗೆದು ನನ್ನ ಕೈ ಮೇಲೆ ಹೊದಿಸಿದರು. ಒಳಗೆ ನನ್ನ ಬೆರಳುಗಳನ್ನು ಮಡಿಚಿ ಮುಷ್ಟಿ ಮಾಡಿ ಒಮ್ಮೆ ಗಟ್ಟಿಯಾಗಿ ಒತ್ತಿದರು. "ಇಷ್ಟ. ಇದಾದಮ್ಯಾಲೆ ಯಾರೂ ಮಾತು ತಿರುಗಸೂದಿಲ್ಲ," ಅಂದರು.

ನರ್ಸಮ್ಮನಿಗೆ ಕೈಮುಗಿದು ಒಳಗೆ ಹೋದೆ. ಹೊದಿಕೆಯ ಕೆಳಗೆ ಅಪ್ಪನ ಎಡಗೈಯ ಬೆರಳುಗಳನ್ನು ಮುಷ್ಟಿ ಮಡಿಚಿ ಒತ್ತಿದೆ. ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದರು. ಇವಳಿಗೆ ಇದು ಎಲ್ಲಿಂದ ಬಂತು ಎಂಬಂತೆ ಹುಬ್ಬು ಏರಿತು. ಆಮೇಲೆ ಹಣೆಯ ಗಂಟು ಸಡಿಲಾಯಿತು, ಕಣ್ಣು ಮುಚ್ಚಿ ನಿದ್ದೆ ಹೋದರು. ಆಸ್ಪತ್ರೆಗೆ ಬಂದ ಮೇಲೆ ಅವರು ನೆಮ್ಮದಿಯಿಂದ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಡಾಕ್ಟರ ಹತ್ತಿರ ಓಡಿದೆ. ಅವರು ಜೊತೆಗೆ ಬಂದು ಅಪ್ಪನ ತಲೆಯ ಬಳಿಯಿದ್ದ ಮಾನಿಟರಿನ ಪರದೆ ತೋರಿಸಿದರು. ಪುಪ್ಪುಸಕ್ಕೆ ಸೋಂಕು ಇಳಿದಿದೆ, ಈಗ ಉಸಿರಾಟದ ಯಂತ್ರ ಬಿಡಿಸಿದರೆ ಗೇಟು ಸಹ ದಾಟಲಾರರು, ತುಸು ಸುಧಾರಿಸಲಿ ಎಂದು ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಪರದೆಯ ಅಂಕಿಗಳನ್ನು ಓದಲು ನನಗೂ ಬರುತ್ತಿತ್ತು. ವಾದ ಮಾಡಲು ಏನೂ ಇರಲಿಲ್ಲ.

ಆಮೇಲೆ ಅಪ್ಪ ಗೆರೆ ಎಳೆಯಲಿಲ್ಲ. ದಿನಾ ನನ್ನನ್ನು ನೋಡುತ್ತಿದ್ದರು, ಹೊರಡೋಣವೇ ಎಂಬಂತೆ. ಮಾತು ಮುಗಿದಿತ್ತಲ್ಲ, ಅವರು ಕಾಯುತ್ತಿದ್ದರು. ಸಾಂಗಲಿ ಅಲ್ಲೇ ರಸ್ತೆಯ ಆ ತುದಿಗೆ ಇತ್ತು.

ಅದೇ ಮಂಚದ ಮೇಲೆ ತೀರಿಕೊಂಡರು. ನರ್ಸಮ್ಮ ಕೈಕಾಲು ನೇರ ಮಾಡುತ್ತಾ ಎಡಗೈ ಬಿಡಿಸಲು ಹೋದರು. ಹಾಗೇ ಇರಲಿ ಬಿಡಿ ಅಂದೆ. ಮುಷ್ಟಿ ನಾನು ಮಡಿಚಿದ ಹಾಗೆಯೇ ಇತ್ತು.