ಮೇಷ್ಟ್ರ ಮನೆಗೆ ಬಂದ ಮದರಾಸು

ಮಳವಳ್ಳಿಯಲ್ಲಿ ಯೋಗಾನರಸಿಂಹ ಮೇಷ್ಟ್ರ ಮಾತಿಗೆ ಎದುರಾಡುವವರು ಇರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಗ್ರಹಣ ಎಷ್ಟು ಹೊತ್ತಿಗೆ ಬಿಡುತ್ತದೆ, ಹಾವು ಕಚ್ಚಿದರೆ ಏನು ಮಾಡಬೇಕು, ಬಂಡೂರು ಕುರಿಯ ಮಾಂಸ ಯಾಕೆ ಅಷ್ಟು ಮೆತ್ತಗೆ, ಎಲ್ಲವನ್ನೂ ಊರು ಅವರನ್ನೇ ಕೇಳುತ್ತಿತ್ತು. ಹುಟ್ಟಿದಾಗಿನಿಂದ ಮಾಂಸವನ್ನು ಮೂಸಿಯೂ ನೋಡದ ಆ ಅಯ್ಯಂಗಾರ್ರು ಕೊನೆಯ ಪ್ರಶ್ನೆಗೂ ಹತ್ತು ನಿಮಿಷ ಉತ್ತರ ಹೇಳುತ್ತಿದ್ದರು. ಕೇಳಿದವರು ತಲೆದೂಗಿ ಹೋಗುತ್ತಿದ್ದರು. ನಾನು ದುದ್ದದ ಕಡೆಯವನು, ತಾಲ್ಲೂಕು ಕಚೇರಿಯ ಗುಮಾಸ್ತ. ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅದೂ ಸೂರಿನವರೆಗೆ ಹೋಗದೆ ಅರ್ಧಕ್ಕೆ ನಿಂತಿತ್ತು.

ಎಪ್ಪತ್ತೇಳರಲ್ಲಿ ಮದರಾಸಿನಲ್ಲಿ ಎಫ್.ಎಂ. ಪ್ರಸಾರ ಶುರುವಾಯಿತೆಂದು ಪೇಪರಿನಲ್ಲಿ ಬಂತು. ಆ ವರ್ಷದ ದೀಪಾವಳಿಗೆ ಮೇಷ್ಟ್ರ ಭಾವಮೈದ ರಾಮಾನುಜ ಬೆಂಗಳೂರಿನಿಂದ ಒಂದು ಪೆಟ್ಟಿಗೆ ತಂದುಕೊಟ್ಟ. ಅವನ ಕಾರ್ಖಾನೆಯಲ್ಲಿದ್ದ ಜರ್ಮನ್ ಎಂಜಿನಿಯರೊಬ್ಬ ದೇಶಕ್ಕೆ ಹಿಂತಿರುಗುವಾಗ ಬಿಟ್ಟುಹೋದ ಹಳೆಯ ಮಾಲು. ಬೆಳ್ಳಿ ಬಣ್ಣದ ಮುಖ, ಹಸಿರು ದೀಪ, ನಡುಗುವ ಮುಳ್ಳು. ರೇಡಿಯೋ ಚೆನ್ನಾಗಿದೆ ಎಂದು ನಾನು ಹೊಗಳಿದೆ. ಮೇಷ್ಟ್ರು ನನ್ನನ್ನು ಕನಿಕರದಿಂದ ನೋಡಿ, ಇದು ರೇಡಿಯೋ ಅಲ್ಲ, ಟ್ಯೂನರ್ ಎಂದರು. ಎಫ್.ಎಂ. ಹಿಡಿಯುವುದಷ್ಟೇ ಇದರ ಕೆಲಸ, ಸದ್ದು ಹೊರಡಬೇಕಾದರೆ ಆಂಪ್ಲಿಫೈಯರ್ ಬೇರೆ, ಸ್ಪೀಕರ್ ಬೇರೆ. ಅಂದರೆ ಬಾಯಿಲ್ಲದ ರೇಡಿಯೋ ಎಂದು ನಾನು ಅರ್ಥ ಮಾಡಿಕೊಂಡೆ.

ಅವೆರಡನ್ನೂ ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ಪುಟ್ಟರಾಜು ಒದಗಿಸಿದ. ಹೆಂಚಿನ ಮೇಲೆ ಬಿದಿರು ಗಳ ಎದ್ದಿತು. ಅದರ ತುದಿಗೆ ಅಲ್ಯೂಮಿನಿಯಂ ಕಡ್ಡಿಗಳ ಏರಿಯಲ್ ಕಟ್ಟಿದ್ದಾಯಿತು. ಒಳ್ಳೆಯ ಹೊತ್ತು ನೋಡಿ ಬೀದಿಯವರನ್ನೆಲ್ಲ ಕರೆದರು. ಮೇಷ್ಟ್ರ ಹೆಂಡತಿ ವೇದವತಮ್ಮ ಕೋಸಂಬರಿ ಹಂಚಿದರು. ಮೇಷ್ಟ್ರು ಕಣ್ಣು ಮುಚ್ಚಿ ಗುಂಡಿ ತಿರುಗಿಸಿದರು. ಕಾದ ಹಂಚಿಗೆ ನೀರು ಚಿಮುಕಿಸಿದಂತೆ ಸೊಯ್ ಎಂದಿತು. ಆ ಕಡೆ ತಿರುಗಿಸಿದರೂ ಸೊಯ್, ಈ ಕಡೆ ತಿರುಗಿಸಿದರೂ ಸೊಯ್. ಈ ಅಲೆಗಳು ನೆಟ್ಟಗೆ ಹೋಗುತ್ತವೆ, ಭೂಮಿ ಬಾಗಿದ ಕಡೆ ಬಾಗುವುದಿಲ್ಲ, ದೂರದ ಊರಿಗೆ ಮುಟ್ಟುವುದಿಲ್ಲ ಎಂದು ತರಗತಿಯಲ್ಲಿ ಪಾಠ ಹೇಳುತ್ತಿದ್ದವರು ಇದೇ ಮೇಷ್ಟ್ರು.

ಆದರೂ ಅವರು ಸೋಲಲಿಲ್ಲ. ಗದ್ದಲದಲ್ಲೂ ಎಷ್ಟು ಶುದ್ಧಿ ಇದೆ ಗಮನಿಸಿ, ಸಿದ್ದರಾಮುವಿನ ಡಬ್ಬದ ಹಾಗೆ ಕರಕರ ಎನ್ನುವುದಿಲ್ಲ ಎಂದರು. ಸಿದ್ದರಾಮು ಅಂದರೆ ನಾನು. ಡಬ್ಬ ಅಂದರೆ ಮೈಸೂರು, ಬೆಂಗಳೂರು ಎರಡನ್ನೂ ತಪ್ಪದೆ ಹಿಡಿಯುತ್ತಿದ್ದ ನನ್ನ ರೇಡಿಯೋ. ಎಲ್ಲರೂ ಶುದ್ಧಿಯನ್ನು ಗಮನಿಸಿದರು. ಕೋಸಂಬರಿ ಮುಗಿಯುವವರೆಗೂ ಗಮನಿಸಿದರು.

ಮರುವಾರ ಪುಟ್ಟರಾಜುವಿನ ಅಂಗಡಿ ಮುಂದೆ ಯಾರೋ ಏನಾದರೂ ಸಿಕ್ಕಿತೇ ಎಂದು ಕೇಳಿದರು. ಇಲ್ಲ ಎಂಬ ಮಾತು ಆಡಿ ಮೇಷ್ಟ್ರಿಗೆ ಅಭ್ಯಾಸವಿಲ್ಲ. ಸಿಗದೆ ಏನು, ಬೆಳಿಗ್ಗೆ ಆರಕ್ಕೆ ಮದರಾಸು ಗಂಟೆ ಹೊಡೆದ ಹಾಗೆ ಬರುತ್ತದೆ ಎಂದುಬಿಟ್ಟರು. ಅಲ್ಲಿಂದ ದಿನಾ ಸಂಜೆ ವರದಿ ಶುರುವಾಯಿತು. ನಿನ್ನೆ ಕೊಳಲು, ಇವತ್ತು ಪಿಟೀಲು. ಮೃದಂಗದವನು ಉಗುರು ಕತ್ತರಿಸದೆ ಇದ್ದದ್ದೂ ಕೇಳಿಸಿತಂತೆ. ನಾವೂ ಬಂದು ಕೇಳಬಹುದೇ ಎಂದವರಿಗೆ, ಕೋಣೆಯಲ್ಲಿ ಎರಡನೆಯವರಿದ್ದರೆ ಅಲೆ ಚದುರುತ್ತದೆ ಎಂದು ವಿಜ್ಞಾನ ಹೇಳಿದರು. ಹತ್ತನೇ ತರಗತಿಯ ಇಬ್ಬರು ಇದನ್ನೇ ಪರೀಕ್ಷೆಯಲ್ಲಿ ಬರೆದರು. ಮೇಷ್ಟ್ರು ಪೂರ್ತಿ ಅಂಕ ಕೊಡಬೇಕಾಯಿತು.

ಗೋಡೆಯ ಈಚೆ ನನಗೆ ದಿನಾ ಕೇಳಿಸುತ್ತಿದ್ದದ್ದು ಸೊಯ್ ಒಂದೇ. ಒಂದೂಕಾಲು ವರ್ಷ ಆ ಮನುಷ್ಯ ಅದರ ಮುಂದೆ ಕೂತರು. ನಾನು ಯಾರಿಗೂ ಬಾಯಿ ಬಿಡಲಿಲ್ಲ, ನನ್ನದು ದೊಡ್ಡ ಮನಸ್ಸು ಎಂದುಕೊಂಡಿದ್ದೆ. ಒಮ್ಮೆ ನಲ್ಲಿಯ ಹತ್ತಿರ ವೇದವತಮ್ಮ ತಾವಾಗಿಯೇ ಹೇಳಿದರು: "ಒಂದೇ ಒಂದು ಸಲ ನಿಜವಾಗ್ಲೂ ಬಂದ್ಬಿಟ್ರೆ ಸಾಕು ಸಿದ್ದರಾಮು. ಸುಳ್ಳು ಹೇಳಿ ಹೇಳಿ ಅವ್ರಿಗೆ ಊಟಾನೇ ಸೇರ್ತಿಲ್ಲ."

ಎಪ್ಪತ್ತೊಂಬತ್ತರ ಫೆಬ್ರವರಿಯ ಒಂದು ಭಾನುವಾರ ಎದುರು ಮನೆ ಕಾಣದಷ್ಟು ಮಂಜು. ಬೇವಿನ ಕಡ್ಡಿ ಕಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಸೊಯ್ ನಿಂತುಹೋಯಿತು. ತಂಬೂರಿ ಕೇಳಿಸಿತು, ಅದರ ಮೇಲೆ ವೀಣೆ. ಅಂಥ ನಾದವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಒಂದೊಂದು ಮೀಟೂ ಕೊನೆಯವರೆಗೆ ಪೂರ್ತಿ ಕೇಳಿಸಿ ಆಮೇಲೆ ಮುಗಿಯುತ್ತಿತ್ತು. ನುಡಿಸುವಾಕೆಯ ಬಳೆ ವೀಣೆಗೆ ತಗಲಿದ್ದೂ ತಿಳಿಯುತ್ತಿತ್ತು. ಹನ್ನೊಂದು ನಿಮಿಷ. ಆಮೇಲೊಂದು ಹೆಣ್ಣು ದನಿ ತಮಿಳಿನಲ್ಲಿ ಮದರಾಸಿನ ಹೆಸರು ಹೇಳಿತು, ಮತ್ತೆ ಸೊಯ್. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಪಕ್ಕದಲ್ಲಿ ರಂಗೋಲಿ ಬಿಡುತ್ತಿದ್ದ ವೇದವತಮ್ಮ ತಲೆಯೆತ್ತಿ ನನ್ನನ್ನು ನೋಡಿದರು. ಅವರೂ ಅಳುತ್ತಿದ್ದರು.

ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಬೀದಿಗೆ ಓಡಿದರು. ನಾನೂ ಹಿಂದೆ ಹೋದೆ. ಪುಟ್ಟರಾಜು ಚಿಕ್ಕರಸಿನಕೆರೆಯ ಮದುವೆಯೊಂದಕ್ಕೆ ಗಾಡಿಗೆ ಸಾಮಾನು ತುಂಬಿಸುತ್ತಿದ್ದ. ನಾಲ್ಕೈದು ಜನ ಟೀ ಕುಡಿಯುತ್ತಿದ್ದರು.

"ಪುಟ್ಟರಾಜು, ಇವತ್ತು ಮದ್ರಾಸ್ ಬಂತು ಕಣಯ್ಯಾ."

"ದಿನಾ ಬತ್ತದಲ್ಲ ಮೇಷ್ಟ್ರೇ. ಇವತ್ತೇನು ಇಸೇಸ?"

ಮೇಷ್ಟ್ರು ಬಾರದ ಸಂಗೀತಕ್ಕೆ ಇದ್ದಬದ್ದ ಹೊಗಳಿಕೆಯನ್ನೆಲ್ಲ ಸುರಿದು, ಬಂದ ಸಂಗೀತಕ್ಕೆ ಒಂದು ಮಾತನ್ನೂ ಉಳಿಸಿಕೊಂಡಿರಲಿಲ್ಲ. ಆಮೇಲೆ ಅವರು ಮಾಡಿದ್ದನ್ನು ಅವರ ಜಾಗದಲ್ಲಿ ನಾನಾಗಿದ್ದರೆ ಮಾಡುತ್ತಿರಲಿಲ್ಲ.

"ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳಪ್ಪ. ಒಂದು ದಿನಾನೂ ಬಂದಿರ್ಲಿಲ್ಲ. ಇವತ್ತು ನಿಜವಾಗ್ಲೂ ಬಂತು. ವೀಣೆ."

ಮೊದಲಿನ ಮಾತನ್ನು ಎಲ್ಲರೂ ಅಲ್ಲೇ ನಂಬಿದರು. ಕೊನೆಯದನ್ನು ಒಬ್ಬರೂ ನಂಬಲಿಲ್ಲ. ಯಾರೋ ಕಿಸಕ್ಕೆಂದರು. ಪುಟ್ಟರಾಜು ಮಾತ್ರ ನಗದೆ ನನ್ನ ಕಡೆ ತಿರುಗಿದ. "ಸಿದ್ರಾಮಣ್ಣ, ಗ್ವಾಡೆ ಪಕ್ದಲ್ಲೇ ಅಲ್ವಾ ನೀನಿರಾದು. ನೀನೇ ಯೋಳು, ಏನಾರ ಕೇಳುಸ್ತಾ?"

ಮೇಷ್ಟ್ರು ನನ್ನನ್ನು ನೋಡಿದರು. ಒಂದು ಹೌದು ಸಾಕಾಗಿತ್ತು. ನನಗೆ ಯಾಕೋ ಆ ಹೊತ್ತಿನಲ್ಲಿ ಅವರು ನನ್ನ ರೇಡಿಯೋವನ್ನು ಡಬ್ಬ ಎಂದದ್ದು ನೆನಪಾಯಿತು.

"ಏನೂ ಇಲ್ಲ ಕಣ್ಲಾ. ದಿನದಂಗೇ ಸೊಯ್ ಅಂತಿತ್ತು," ಎಂದೆ.

ಅಲ್ಲಿಂದೀಚೆಗೆ ಗ್ರಹಣದ ಹೊತ್ತನ್ನು ಊರು ಪಂಚಾಂಗದಲ್ಲಿ ನೋಡತೊಡಗಿತು. ಮೇಷ್ಟ್ರು ನನ್ನ ಮೇಲೆ ರೇಗಿದ್ದರೆ ಚೆನ್ನಾಗಿತ್ತು, ಲೆಕ್ಕ ಸರಿಹೋಗುತ್ತಿತ್ತು. ಅವರು ಅದೇ ಸಂಜೆ ನಮ್ಮ ಮನೆಗೆ ಬಂದರು. ಪಕ್ಕದಲ್ಲೇ ಇದ್ದೂ ನನಗೆ ಕೇಳಿಸಲಿಲ್ಲವಲ್ಲ ಎಂದು ನಿಜವಾಗಿಯೂ ನೊಂದುಕೊಂಡಿದ್ದರು. "ಗೋಡೇದೇ ತಪ್ಪು ಸಿದ್ದರಾಮು. ನಾಳೆಯಿಂದ ಒಳಗೇ ಬಂದು ಕೂತ್ಕೊ, ಇನ್ನೊಂದು ಸಲ ಬಂದಾಗ ತಪ್ಪಿಸ್ಕೋಬೇಡ," ಎಂದರು.

ಹೋಗದಿರಲು ನನಗೆ ಮುಖವಿರಲಿಲ್ಲ. ನನಗೆ ವರ್ಗವಾಗುವವರೆಗೆ, ಮೂರು ವರ್ಷ, ದಿನಾ ಬೆಳಿಗ್ಗೆ ಆರಕ್ಕೆ ಅವರ ಪಕ್ಕದಲ್ಲಿ ಕೂತು ಸೊಯ್ ಕೇಳಿದೆ. ಮಂಜು ದಟ್ಟವಾದ ಬೆಳಿಗ್ಗೆ ಅಪರೂಪಕ್ಕೆ ಅಲೆ ಬಾಗಿ ದೂರ ಮುಟ್ಟುವುದುಂಟು ಎಂದು ಮೇಷ್ಟ್ರು ವಿಜ್ಞಾನ ಹೇಳುತ್ತಿದ್ದರು, ಆದರೆ ಮದರಾಸು ಮತ್ತೆ ಬರಲಿಲ್ಲ. ವೇದವತಮ್ಮ ಇಬ್ಬರಿಗೂ ಕಾಫಿ ತರುತ್ತಿದ್ದರು. ನನಗೆ ಲೋಟ ಕೊಡುವಾಗ ಒಂದು ದಿನವೂ ನನ್ನ ಮುಖ ನೋಡಲಿಲ್ಲ.